ಸಿಎಫ್‌ಎಸ್ ಇರುವವರು ಮಧ್ಯಾಹ್ನ ಮಲಗಬೇಕಾ, ಬೇಡವಾ? ನ್ಯೂಕಾಸಲ್ ಸಂಶೋಧನೆ ಓದಿ ಗೊಂದಲದಲ್ಲಿದ್ದೇನೆ

ಟೈನ್ ದಡದ ಹಾಸನದವ

ಎಲ್ಲರಿಗೂ ನಮಸ್ಕಾರ. ನಾವಿರುವುದು ಇಂಗ್ಲೆಂಡಿನ ನ್ಯೂಕಾಸಲ್ ಪಕ್ಕದ ಗೇಟ್ಸ್‌ಹೆಡ್‌ನಲ್ಲಿ. ಊರು ಹಾಸನ. ನನ್ನ ಹೆಂಡತಿಗೆ 2021ರಲ್ಲಿ ಕೋವಿಡ್ ಬಂತು. ಜ್ವರ ವಾರಕ್ಕೆ ಬಿಟ್ಟಿತು, ಸುಸ್ತು ಬಿಡಲೇ ಇಲ್ಲ. ವರ್ಷವಿಡೀ ಅಲೆದ ಮೇಲೆ ಕ್ರಾನಿಕ್ ಫಟೀಗ್ ಸಿಂಡ್ರೋಮ್ (ಸಿಎಫ್‌ಎಸ್, ಬಿಡದ ಸುಸ್ತಿನ ಕಾಯಿಲೆ) ಅಂತ ಬರೆದುಕೊಟ್ಟರು. ಇಲ್ಲಿ ಎಂಇ ಅಂತಲೂ ಕರೆಯುತ್ತಾರೆ. ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡರೆ ಅವಳ ಆ ದಿನದ ಶಕ್ತಿ ಅಲ್ಲಿಗೇ ಮುಗಿಯುತ್ತದೆ. ರಾತ್ರಿ ಒಂಬತ್ತು ಗಂಟೆ ಹಾಸಿಗೆಯಲ್ಲಿದ್ದು ಎದ್ದರೂ "ಯಾರೋ ಒನಕೆಯಲ್ಲಿ ಕುಟ್ಟಿದ ಹಾಗಿದೆ" ಅಂತಾಳೆ.

ಈಗ ವಿಷಯಕ್ಕೆ ಬರುತ್ತೇನೆ. ಹಾಸನದಿಂದ ಅತ್ತೆ ಫೋನ್ ಮಾಡಿದಾಗಲೆಲ್ಲ "ಹಗಲು ಮಲಗಬೇಡ ಕಣೇ, ಮಲಗಿ ಮಲಗಿಯೇ ಮೈ ಜಡ್ಡುಗಟ್ಟಿರೋದು" ಅಂತಾರೆ. ಫೋನ್ ಇಟ್ಟ ಮೇಲೆ ಇವಳು ಅಳುತ್ತಾಳೆ. ನಾನು ಇಷ್ಟು ದಿನ ಇವಳ ಪರ ನಿಂತಿದ್ದೆ. ಹೋದ ವಾರ ನಮ್ಮ ನ್ಯೂಕಾಸಲ್‌ನದೇ ಒಂದು ಸಂಶೋಧನೆ ಕಣ್ಣಿಗೆ ಬಿತ್ತು. ಝೋಯಿ ಗಾಟ್ಸ್ ಅನ್ನುವ ಮನಃಶಾಸ್ತ್ರ ಸಂಶೋಧಕಿ ಮತ್ತು ಅವರ ತಂಡ 2015ರಲ್ಲಿ ಪ್ರಕಟಿಸಿದ್ದು. ಸಿಎಫ್‌ಎಸ್ ಇರುವ 118 ಜನ 14 ದಿನ ನಿದ್ದೆಯ ಡೈರಿ ಬರೆದಿದ್ದಾರೆ. ಮಧ್ಯಾಹ್ನ ಹೆಚ್ಚು ಮಲಗುವವರು ಗಮನ, ಚುರುಕುತನ ಅಳೆಯುವ ಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದಾರೆ, ಅವರಿಗೆ ಹಗಲಿನ ತೂಕಡಿಕೆಯೂ ಜಾಸ್ತಿ.

ಹಾಗಾದರೆ ಅತ್ತೆ ಹೇಳಿದ್ದೇ ಸರಿಯಾ? ನಾನು ಅವಳನ್ನು ಎಬ್ಬಿಸಿ ಕೂರಿಸಬೇಕಾ? ತಿಳಿದವರು ಹೇಳಿ.

ಸಂತೆಪೇಟೆ ಶ್ರೀನಿ

ಅಣ್ಣಾ, ತಪ್ಪು ತಿಳ್ಕೋಬೇಡಿ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರೆ ನಮ್ಮ ಕಡೆ. ದೂರದ ದೇಶ, ಮೋಡ, ಚಳಿ, ಮನೆಯಲ್ಲಿ ಒಬ್ಬರೇ. ಬೆಳಿಗ್ಗೆ ಐದೂವರೆಗೆ ಎಬ್ಬಿಸಿ ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ವಾಕಿಂಗ್ ಕರ್ಕೊಂಡು ಹೋಗಿ. ನನಗೂ ಎರಡು ವರ್ಷ ಹಿಂದೆ ಸುಸ್ತಿತ್ತು, ಅದರಿಂದಲೇ ಹೋಯ್ತು.

ಧಾರವಾಡದ ಅಕ್ಕ

ಶ್ರೀನಿಯವರ, ನಿಮಗ ಹೋತು, ಸಂತೋಷ. ಆದ್ರ ಇದನ್ನ ಬ್ಯಾರೆಯವರಿಗೆ ಹೇಳಬ್ಯಾಡ್ರಿ, ಕೈಮುಗಿದು ಕೇಳ್ತೀನಿ. ನನಗ ಈ ಕಾಯಿಲೆ ಬಂದು ಆರು ವರ್ಷ ಆತು. ಡೆಂಗಿ ಆದಮ್ಯಾಲೆ ಸುರು ಆಗಿದ್ದು. ನಮ್ಮ ಮನ್ಯಾಗೂ ಹಿಂಗ ವಾಕಿಂಗ್ ಅಂತ ಎಬ್ಬಿಸಿ ಕಳಿಸಿದ್ರು. ಮೊದಲನೇ ದಿನ ಛಲೋ ಅನಿಸ್ತು. ಎರಡನೇ ದಿನಾನೂ ಹೋದೆ. ಮೂರನೇ ದಿನ ಬಚ್ಚಲಕ್ಕ ಹೋಗಲಿಕ್ಕೆ ಗ್ವಾಡಿ ಹಿಡಕೊಂಡೆ. ಹದಿನೈದು ದಿನ ಕ್ವಾಣ್ಯಾಗಿಂದ ಹೊರಗ ಬರಲಿಲ್ಲ.

ಈ ಕಾಯಿಲೆ ಬ್ಯಾರೆ ಸುಸ್ತಿನ ಹಂಗಲ್ಲ. ದುಡಿದ ದಿನ ಏನೂ ಆಗಂಗಿಲ್ಲ, ಮರುದಿನ ಇಲ್ಲಾ ಅದರ ಮರುದಿನ ಬಡ್ಡಿ ಸಮೇತ ವಸೂಲಿ ಮಾಡ್ತದ. ಡಾಕ್ಟರು ಅದಕ್ಕ ಪಿಇಎಂ ಅಂತಾರ, ಶ್ರಮದ ನಂತರದ ಕುಸಿತ. ಇಂಗ್ಲೆಂಡಿನಾಗ ನೈಸ್ ಅನ್ನೋ ಸರಕಾರಿ ಸಂಸ್ಥೆ 2021ರ ಅಕ್ಟೋಬರದಾಗ ಹೊಸ ಮಾರ್ಗಸೂಚಿ ಕೊಟ್ಟದ. ದಿನಾ ಇಷ್ಟಿಷ್ಟು ಅಂತ ವ್ಯಾಯಾಮ ಹೆಚ್ಚಸಕೋತ ಹೋಗೋ ಚಿಕಿತ್ಸೆ ಈ ರೋಗಿಗಳಿಗೆ ಕೊಡಬಾರದು ಅಂತ ಅದರಾಗ ಸ್ಪಷ್ಟ ಬರದದ. ಮೊದಲು ಅದನ್ನ ಅವರ ಕೊಡ್ತಿದ್ರು. ರೋಗಿಗಳು ವರ್ಷಗಟ್ಟಲೆ ಹೊಡದಾಡಿ ತಗಸಿದ್ರು.

ಹಾಸನದ ಅಣ್ಣಾರ, ನಿಮ್ಮ ಹೆಂಡತಿನ್ನ ಎಬ್ಬಿಸಬ್ಯಾಡ್ರಿ.

ಸಂತೆಪೇಟೆ ಶ್ರೀನಿ

ಅಕ್ಕಾ, ಇದು ಗೊತ್ತಿರಲಿಲ್ಲ. ಕ್ಷಮಿಸಿ. ನನಗೆ ಬಂದಿದ್ದು ಬಹುಶಃ ಬೇರೆ ಸುಸ್ತು. ಬಿ12 ಕಡಿಮೆ ಇತ್ತು, ಇಂಜೆಕ್ಷನ್ನೂ ತಗೊಂಡಿದ್ದೆ.

ಧಾರವಾಡದ ಅಕ್ಕ

ಹಂಗಂದ್ರ ವಾಕಿಂಗಿಗೆ ಯಾಕ ಕ್ರೆಡಿಟ್ ಕೊಡ್ತೀರಿ, ಇಂಜೆಕ್ಷನ್ನಿಗೆ ಕೊಡ್ರಿ.

ಲೆಕ್ಕದ ಮೇಷ್ಟ್ರು

ಮೂಲ ಪ್ರಶ್ನೆಗೆ ಬರೋಣ. ನಾನು ಸಂಖ್ಯಾಶಾಸ್ತ್ರ ಪಾಠ ಮಾಡುವವನು, ವೈದ್ಯನಲ್ಲ. ಆ ಪ್ರಬಂಧ ಪೂರ್ತಿ ಓದಿದೆ.

ಅದರಲ್ಲಿ ಯಾರಿಗೂ "ನೀವು ಮಲಗಿ, ನೀವು ಮಲಗಬೇಡಿ" ಅಂತ ಹೇಳಿ ನೋಡಿಲ್ಲ. ಜನ ತಾವಿದ್ದಂತೆ ಇದ್ದರು, ಡೈರಿ ಬರೆದರು, ಪರೀಕ್ಷೆ ಮಾಡಿದರು, ಯಾವುದರ ಜೊತೆ ಯಾವುದು ಕಾಣಿಸಿಕೊಳ್ಳುತ್ತದೆ ಅಂತ ಲೆಕ್ಕ ಹಾಕಿದರು. ಆಸ್ಪತ್ರೆ ಮಂಚದ ಮೇಲೆ ಇರುವವರೆಲ್ಲ ಕಾಯಿಲೆಯವರೇ, ಹಾಗಂತ ಮಂಚದಿಂದ ಕಾಯಿಲೆ ಬಂತು ಅನ್ನುತ್ತೇವಾ? ತಲೆ ಹೆಚ್ಚು ಮಂಕಾದವರು ಮಧ್ಯಾಹ್ನ ಹೆಚ್ಚು ಮಲಗುತ್ತಿರಬಹುದು. ಮಧ್ಯಾಹ್ನ ಮಲಗಿದ್ದಕ್ಕೆ ತಲೆ ಮಂಕಾಗಿರಲೂಬಹುದು. ಮೂರನೆಯ ಯಾವುದೋ ಕಾರಣ ಎರಡನ್ನೂ ಎಳೆಯುತ್ತಿರಬಹುದು. ಈ ಮೂರರಲ್ಲಿ ಯಾವುದು ಅಂತ ಆ ಅಧ್ಯಯನ ಹೇಳಲಾರದು. ಅವರು ಬರೆದಿರುವುದೂ "ಸಂಬಂಧವಿದೆ" ಅಂತ ಮಾತ್ರ. ಆದ್ದರಿಂದ ರೋಗಿಗಳ ಆರೈಕೆಯಲ್ಲಿ ಇದನ್ನು ಗಮನಿಸಬೇಕು ಅನ್ನುತ್ತಾರೆ, ಅದು ನ್ಯಾಯವೇ.

ಇನ್ನೊಂದು ಅಂಕಿ ನೋಡಿ. ಪರೀಕ್ಷೆಯಲ್ಲಿ ಕಂಡ ಏರುಪೇರಿನಲ್ಲಿ 25.6% ಅನ್ನು ವಿವರಿಸಿದ್ದು ಮೂರು ಸಂಗತಿಗಳು ಸೇರಿ: ಗಂಡಸಾಗಿರುವುದು, ಖಿನ್ನತೆ, ಮಧ್ಯಾಹ್ನದ ನಿದ್ದೆ. ಮೂರೂ ಒಟ್ಟಾಗಿ ಕಾಲು ಭಾಗ. ಉಳಿದ ಮುಕ್ಕಾಲು ಭಾಗಕ್ಕೆ ಬೇರೆ ಕಾರಣಗಳಿವೆ. ಇದನ್ನು ಹಿಡಿದು ಒಬ್ಬ ಹೆಣ್ಣುಮಗಳನ್ನು ನಿದ್ದೆಯಿಂದ ಎಬ್ಬಿಸುವುದು ತಪ್ಪು ಲೆಕ್ಕ.

ಮಳೆಗಾಲದ ಮಲ್ಲಿಗೆ

ಮೇಷ್ಟ್ರೇ, ಮಂಚದ ಉದಾಹರಣೆ ನನ್ನ ಅತ್ತೆಗೆ ಈಗಲೇ ಕಳಿಸುತ್ತೇನೆ.

ಕಡಲತಡಿ

ಹಾಸನದವರೇ, ಒಂದು ವಿಷಯ ಕೇಳ್ತೇನೆ. ನಿಮ್ಮ ಹೆಂಡತಿಗೆ ಗೊರಕೆ ಉಂಟಾ? ನಮ್ಮ ಅಪ್ಪನಿಗೆ ನಾಲ್ಕು ವರ್ಷ ಎಂಥ ಸುಸ್ತು ಅಂದ್ರೆ ಊಟಕ್ಕೆ ಕೂತಲ್ಲೇ ನಿದ್ದೆ. ಎಲ್ಲರೂ ವಯಸ್ಸಾಯ್ತು ಅಂದರು. ಕಡೆಗೆ ಒಬ್ಬ ಡಾಕ್ಟರು ರಾತ್ರಿ ಮಲಗಿಸಿ ಪರೀಕ್ಷೆ ಮಾಡಿಸಿದರು. ಉಸಿರು ಗಂಟೆಗೆ ಎಷ್ಟೋ ಸಲ ನಿಲ್ಲುತ್ತಿತ್ತು. ಸ್ಲೀಪ್ ಆಪ್ನಿಯಾ. ಮೂಗಿಗೆ ಮೆಷಿನ್ ಹಾಕಿ ಮಲಗಿದ ಹತ್ತೇ ದಿನಕ್ಕೆ ಅಪ್ಪ ತೋಟಕ್ಕೆ ಹೋಗಿ ಅಡಿಕೆ ಹೆಕ್ಕಿದ್ದಾರೆ ಮಾರಾಯ್ರೆ.

ನೀವು ಹೇಳಿದ ಅದೇ ಗಾಟ್ಸ್ ತಂಡದ್ದು 2013ರಲ್ಲಿ ಇನ್ನೊಂದು ಪ್ರಬಂಧ ಉಂಟು. ಸಿಎಫ್‌ಎಸ್ ಅಂತ ಗುರುತಾದ 343 ಜನರ ಒಂದು ರಾತ್ರಿಯ ನಿದ್ದೆ ಪರೀಕ್ಷೆ ನೋಡಿದ್ದಾರೆ. 30.3% ಜನರಿಗೆ ಆಪ್ನಿಯಾದಂಥ ಬೇರೆಯೇ ನಿದ್ದೆ ಕಾಯಿಲೆ ಇತ್ತು! ಹತ್ತರಲ್ಲಿ ಮೂವರು! ಅವರ ಸುಸ್ತಿಗೆ ಮದ್ದಿತ್ತು, ಯಾರೂ ಹುಡುಕಿರಲಿಲ್ಲ ಅಷ್ಟೆ.

ಟೈನ್ ದಡದ ಹಾಸನದವ

ಗೊರಕೆ ಇಲ್ಲ. ಆದರೆ ನಿದ್ದೆ ಪರೀಕ್ಷೆ ಮಾಡಿಸಿಲ್ಲ, ನಿಜ. ಥೈರಾಯ್ಡ್, ಕಬ್ಬಿಣಾಂಶ, ಬಿ12, ಸಕ್ಕರೆ ಎಲ್ಲ ಆಗಿದೆ. ನಿದ್ದೆ ಪರೀಕ್ಷೆ ಕೇಳಿದಾಗ ನಮ್ಮ ಕ್ಲಿನಿಕ್‌ನಲ್ಲಿ "ನಿಮ್ಮ ಹೆಂಡತಿ ದಪ್ಪ ಇಲ್ಲವಲ್ಲ" ಅಂದು ಸುಮ್ಮನಾದರು.

ಕೈಗೆ ಕಟ್ಟುವ ವಾಚ್ ಕೊಡಿಸಿದ್ದೇನೆ. ಅದು 8 ಗಂಟೆ 10 ನಿಮಿಷ ಒಳ್ಳೆ ನಿದ್ದೆ ಅಂತ ತೋರಿಸಿದ ದಿನವೇ ಇವಳು "ಕಣ್ಣೇ ಮುಚ್ಚಿಲ್ಲ" ಅನ್ನುತ್ತಾಳೆ. ಇದರಿಂದ ನಮ್ಮಿಬ್ಬರ ಮಧ್ಯೆ ಮಾತಿಗೆ ಮಾತು ಬೆಳೆದು ಎರಡು ಸಲ ಜಗಳ ಆಗಿದೆ. ನಾನು ಅವಳನ್ನು ನಂಬುವುದಾ, ವಾಚನ್ನು ನಂಬುವುದಾ ಅಂತ ನನಗೇ ಗೊತ್ತಾಗದೆ ಹೋಯಿತು.

ಮಳೆಗಾಲದ ಮಲ್ಲಿಗೆ

ಅವಳನ್ನು.

ರಾತ್ರಿಪಾಳಿ ಟೆಕ್ನಿಷಿಯನ್

ನಾನು ಬೆಂಗಳೂರಿನಲ್ಲಿ ನಿದ್ದೆ ಪರೀಕ್ಷೆಯ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ವಾಚ್ ಬಗ್ಗೆ ಹೇಳಲೇಬೇಕು. ಅದು ಮುಖ್ಯವಾಗಿ ನೋಡುವುದು ಕೈ ಅಲ್ಲಾಡುತ್ತಿದೆಯಾ, ನಾಡಿ ಎಷ್ಟಿದೆ ಅಂತ. ಅಲ್ಲಾಡದೆ ಕಣ್ಣು ಬಿಟ್ಟುಕೊಂಡು ಮಲಗಿದವರನ್ನೂ ನಿದ್ದೆ ಅಂತ ಬರೆದುಬಿಡುತ್ತದೆ. ಸಿಎಫ್‌ಎಸ್ ಇರುವ ಕೆಲವರಿಗೆ ಹೊರಳುವುದಕ್ಕೂ ಶಕ್ತಿ ಇರುವುದಿಲ್ಲ.

ನಮ್ಮಲ್ಲಿ ಮಾಡುವುದು ಪಾಲಿಸೋಮ್ನೋಗ್ರಫಿ. ತಲೆಗೆ ವೈರು ಅಂಟಿಸಿ ಮೆದುಳಿನ ಅಲೆ, ಕಣ್ಣಿನ ಚಲನೆ, ಗಲ್ಲದ ಸ್ನಾಯು, ಉಸಿರು, ರಕ್ತದ ಆಮ್ಲಜನಕ, ಕಾಲು ಎಳೆತ ಎಲ್ಲ ರಾತ್ರಿಯಿಡೀ ದಾಖಲು ಮಾಡುತ್ತೇವೆ. ತೆಳ್ಳಗಿರುವವರಿಗೆ ಆಪ್ನಿಯಾ ಬರುವುದಿಲ್ಲ ಅನ್ನುವುದು ತಪ್ಪು. ಗಲ್ಲ ಚಿಕ್ಕದಿದ್ದರೆ, ಗಂಟಲಿನ ದಾರಿ ಕಿರಿದಾಗಿದ್ದರೆ ಸಣಕಲು ಮೈಯವರಿಗೂ ಇರುತ್ತದೆ. ದಯವಿಟ್ಟು ಇನ್ನೊಮ್ಮೆ ಕೇಳಿ.

ಕಡಲತಡಿಯವರು ಹೇಳಿದ ಪ್ರಬಂಧದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಅದರ ಮುಂದಿನ ಭಾಗ. ಬೇರೆ ನಿದ್ದೆ ಕಾಯಿಲೆ ಇದ್ದವರನ್ನು ತೆಗೆದರೆ ಉಳಿದವರು 239. ಅವರಲ್ಲಿ 89.1% ಜನರಿಗೆ ಅಳೆದು ತೋರಿಸಬಹುದಾದ ಒಂದಾದರೂ ನಿದ್ದೆಯ ತೊಂದರೆ ಇತ್ತು. ಎಲ್ಲರದ್ದೂ ಒಂದೇ ಬಗೆಯದಲ್ಲ, ನಾಲ್ಕು ಗುಂಪಾಗಿ ಬಂತು. ಮಲಗಿದರೂ ನಿದ್ದೆ ಹತ್ತಲು ತುಂಬಾ ಹೊತ್ತು ತೆಗೆದುಕೊಳ್ಳುವವರು, ನಿದ್ದೆ ಪದೇ ಪದೇ ತುಂಡಾಗುವವರು, ಉಳಿದವರಿಗಿಂತ ಹೆಚ್ಚು ಹೊತ್ತು ನಿದ್ದೆ ಮಾಡುವವರು, ಮತ್ತೆ ಕಡಿಮೆ ನಿದ್ದೆ ಮಾಡಿ ನಡುರಾತ್ರಿ ಎಚ್ಚರವಾಗಿ ಬಿದ್ದಿರುವವರು. ಇವರೆಲ್ಲರಿಗೂ "ಬೇಗ ಮಲಗಿ ಬೇಗ ಏಳಿ" ಅಂತ ಒಂದೇ ಚೀಟಿ ಬರೆದುಕೊಟ್ಟರೆ ಏನು ಪ್ರಯೋಜನ? ಆ ಸಂಶೋಧನೆಯ ಬೆಲೆ ಇರುವುದು ಇಲ್ಲಿ ಅಂತ ನನಗನ್ನಿಸುತ್ತದೆ.

ಒಂದು ಕೊರತೆಯೂ ಇದೆ. ಅದು ಒಂದೇ ರಾತ್ರಿಯ ದಾಖಲೆ. ಹೊಸ ಹಾಸಿಗೆ, ತಲೆಗೆ ವೈರು, ಪಕ್ಕದ ಕೋಣೆಯಲ್ಲಿ ನಾವು ಕೂತು ನೋಡುತ್ತಿರುತ್ತೇವೆ ಅನ್ನುವ ಮುಜುಗರ. ಮೊದಲ ರಾತ್ರಿ ಯಾರೂ ಮನೆಯಲ್ಲಿ ಮಲಗಿದ ಹಾಗೆ ಮಲಗುವುದಿಲ್ಲ.

ಲೆಕ್ಕದ ಮೇಷ್ಟ್ರು

ವಾಚ್ ಜಗಳಕ್ಕೆ ನನ್ನದೊಂದು ಮಾತು. ಮ್ಯಾಂಚೆಸ್ಟರ್‌ನಲ್ಲಿ ಮನಃಶಾಸ್ತ್ರದವರು ಮಾಡಿದ ಪುಟ್ಟ ಅಧ್ಯಯನವೊಂದು 2016ರಲ್ಲಿ ಬಂದಿದೆ. 27 ರೋಗಿಗಳು, ಆರು ದಿನ. ಕೈಗೆ ಚಲನೆ ಅಳೆಯುವ ಯಂತ್ರ, ಜೊತೆಗೆ ಡೈರಿ. ಮರುದಿನದ ಸುಸ್ತು ಹೇಗಿರುತ್ತದೆ ಅನ್ನುವುದನ್ನು ಯಂತ್ರದ ಅಂಕಿ ಮುಂಚಿತವಾಗಿ ತಿಳಿಸಲಿಲ್ಲ. "ನನಗೆ ನಿದ್ದೆ ಹೇಗಾಯಿತು" ಅಂತ ರೋಗಿ ಬರೆದಿದ್ದೇ ತಿಳಿಸಿತು. 27 ಜನ ತೀರಾ ಕಡಿಮೆ, ಒಪ್ಪುತ್ತೇನೆ. ಆದರೆ ನಿಮ್ಮ ಮನೆಯ ಪ್ರಶ್ನೆಗೆ ಇಷ್ಟು ಸಾಕು ಅನ್ನಿಸುತ್ತದೆ.

ತುಂಗೆಯ ತಿರುವು

ಅದಕ್ಕೆ ಪೂರಕವಾಗಿ ಇನ್ನೊಂದು. ಅಮೆರಿಕದ ಸಿಯಾಟಲ್‌ನಲ್ಲಿ ಒಂದೇ ತತ್ತಿಯ ಅವಳಿಗಳನ್ನು ನೋಡಿದ್ದರು, 22 ಜೋಡಿ. ಪ್ರತಿ ಜೋಡಿಯಲ್ಲಿ ಒಬ್ಬರಿಗೆ ಸಿಎಫ್‌ಎಸ್, ಇನ್ನೊಬ್ಬರು ಆರೋಗ್ಯವಂತರು. ಕಾಯಿಲೆ ಇರುವವರು ನಿದ್ದೆ ಕೆಟ್ಟಿದೆ ಅಂತ ಬಹಳ ಹೆಚ್ಚು ಹೇಳಿಕೊಂಡರು, ಆದರೆ ಲ್ಯಾಬ್ ದಾಖಲೆಯಲ್ಲಿ ಇಬ್ಬರ ನಿದ್ದೆಯೂ ಹೆಚ್ಚುಕಡಿಮೆ ಒಂದೇ. ಇದನ್ನು ಎರಡು ರೀತಿ ಓದಬಹುದು. ರೋಗಿ ಉತ್ಪ್ರೇಕ್ಷೆ ಮಾಡುತ್ತಿದ್ದಾರೆ ಅನ್ನಬಹುದು. ನಮ್ಮ ಯಂತ್ರ ಅಳೆಯಬೇಕಾದ್ದನ್ನು ಅಳೆಯುತ್ತಿಲ್ಲ ಅಂತಲೂ ಅನ್ನಬಹುದು. ನಾನು ಎರಡನೆಯದರ ಪರ. ನಿದ್ದೆಯ ಕೆಲಸ ದಣಿವಾರಿಸುವುದು, ಗಂಟೆ ಎಣಿಸುವುದಲ್ಲ.

ಸಂತೆಪೇಟೆ ಶ್ರೀನಿ

ಒಂದು ಪ್ರಾಮಾಣಿಕ ಪ್ರಶ್ನೆ. ಇಷ್ಟೆಲ್ಲ ಸಂಶೋಧನೆ ಮಾಡಿದವರು ಮನಃಶಾಸ್ತ್ರಜ್ಞರು ಅಂದಮೇಲೆ ಇದು ಮನಸ್ಸಿನ ಕಾಯಿಲೆ ಅಂತ ಆಗಲ್ವಾ?

ಧಾರವಾಡದ ಅಕ್ಕ

ಈ ಒಂದು ಪ್ರಶ್ನೆಯಿಂದ ನಾ ಎಷ್ಟು ಅತ್ತೀನಿ ಅಂತ ನಿಮಗ ಗೊತ್ತಿಲ್ಲ. ಆದ್ರೂ ಕೇಳಿದ್ದು ಛಲೋ ಆತು, ಉತ್ತರಾ ಹೇಳ್ತೀನಿ.

ಹಲ್ಲು ನೋವಾದ್ರ ರಾತ್ರಿ ನಿದ್ದಿ ಬರಂಗಿಲ್ಲ, ಅದನ್ನ ನಿದ್ದಿ ತಜ್ಞರು ಅಭ್ಯಾಸ ಮಾಡಿದ್ರ ಹಲ್ಲು ನೋವು ಮನಸಿನ ರೋಗ ಆಗ್ತದೇನು? ಚಿಕಾಗೋದ ಡಿಪಾಲ್ ವಿಶ್ವವಿದ್ಯಾಲಯದಾಗ ಲಿಯೊನಾರ್ಡ್ ಜೇಸನ್ ಅಂತ ಮನಃಶಾಸ್ತ್ರದ ಪ್ರಾಧ್ಯಾಪಕರು ಇದ್ದಾರ. ಅವರಿಗೇ ಈ ಕಾಯಿಲೆ ಬಂದಿತ್ತು, ಗ್ರಂಥಿ ಜ್ವರ ಆದಮ್ಯಾಲೆ. ಅವಾಗ ಇದನ್ನ ಸಿರಿವಂತ ಬಿಳಿಯರ ಜಡ್ಡು ಅಂತ ಪತ್ರಿಕೆಯವರು ಹಾಸ್ಯ ಮಾಡ್ತಿದ್ರು. ಇವರು ದವಾಖಾನಿಗೆ ಬಂದವರನ್ನಷ್ಟ ಎಣಿಸಲಿಲ್ಲ. ಚಿಕಾಗೋದ ಮನಿಮನಿಗೆ ಫೋನ್ ಹಚ್ಚಿ ಕೇಳಿದ್ರು, ಸಂಶಯ ಬಂದವರನ್ನ ಡಾಕ್ಟರ ಕಡೆ ತೋರಿಸಿದ್ರು. 1999ರಾಗ ಫಲಿತಾಂಶ ಬಂತು: ನೂರಕ್ಕ 0.42 ಮಂದಿಗೆ ಈ ಕಾಯಿಲೆ. ಬಿಳಿಯರಿಗಿಂತ ಕರಿಯರು, ಲ್ಯಾಟಿನೋ ಮಂದಿಯೊಳಗ ಜಾಸ್ತಿ. ಹೆಚ್ಚಿನವರಿಗೆ ತಮಗ ಇಂಥಾ ಕಾಯಿಲೆ ಅದ ಅಂತ ಯಾವ ಡಾಕ್ಟರೂ ಹೇಳಿರಲಿಲ್ಲ.

ಅವರದ್ದೇ ಇನ್ನೊಂದು ವಿಚಾರ ಅದ, ಶಕ್ತಿಯ ಲಕೋಟೆ ಅಂತ. ಇವತ್ತು ಕೈಯಾಗ ಎಷ್ಟು ಶಕ್ತಿ ಅದ ಅಂತ ಅನಸ್ತದ, ಎಷ್ಟು ಖರ್ಚು ಮಾಡ್ತಿ, ಎರಡೂ ಸರಿ ಇರಬೇಕು. ನಾ ಅದನ್ನ ಓದಿದಾಗ ನಮ್ಮವ್ವನ ಮಾತು ನೆನಪಾತು: ಹಾಸಿಗಿ ಇದ್ದಷ್ಟು ಕಾಲು ಚಾಚು. ನನಗ ಯಾವ ಗುಳಿಗಿಗಿಂತ ಇದು ಹೆಚ್ಚು ಉಪಯೋಗ ಆತು.

ತುಂಗೆಯ ತಿರುವು

ಸೇರಿಸುತ್ತೇನೆ: 2025ರಲ್ಲಿ ಎಡಿನ್‌ಬರೋದವರ ಮುಂದಾಳತ್ವದ ಡಿಕೋಡ್‌ಎಂಇ ತಂಡ 15,579 ರೋಗಿಗಳ ಡಿಎನ್‌ಎ ನೋಡಿ, ಈ ಕಾಯಿಲೆಗೆ ನಂಟಿರುವ ಎಂಟು ಜಾಗಗಳನ್ನು ಡಿಎನ್‌ಎಯಲ್ಲಿ ಗುರುತಿಸಿದ್ದಾರೆ. ಕೆಲವು ರೋಗನಿರೋಧಕ ವ್ಯವಸ್ಥೆಗೆ, ಕೆಲವು ನರಮಂಡಲಕ್ಕೆ ಸಂಬಂಧಿಸಿದ್ದು. ಸೋಮಾರಿತನ ಅನ್ನುವವರಿಗೆ ಇದನ್ನು ತೋರಿಸಿ.

ಸಂತೆಪೇಟೆ ಶ್ರೀನಿ

ಅಕ್ಕಾ, ಹಲ್ಲುನೋವಿನ ಮಾತು ಮನಸ್ಸಿಗೆ ತಟ್ಟಿತು. ಇನ್ನು ಮೇಲೆ ಹಾಗೆ ಕೇಳಲ್ಲ.

ಪಂಡಿತರ ಮೊಮ್ಮಗಳು

ಬಿಎಎಂಎಸ್ (ಆಯುರ್ವೇದ ಪದವಿ) ಕೊನೆಯ ವರ್ಷ ಓದುತ್ತಿದ್ದೇನೆ. ಹಾಸನದ ನಿಮ್ಮ ಅತ್ತೆಯವರ ಮಾತು ನಮ್ಮ ಪಠ್ಯದಿಂದಲೇ ಬಂದಿದ್ದು, ಆದರೆ ಅರ್ಧ ಮಾತ್ರ ಉಳಿದಿದೆ. ಹಗಲುನಿದ್ದೆಗೆ ದಿವಾಸ್ವಪ್ನ ಅಂತ ಹೆಸರು. ಬೇಸಿಗೆ ಬಿಟ್ಟು ಉಳಿದ ಕಾಲದಲ್ಲಿ ಹಗಲು ಮಲಗಿದರೆ ಕಫ, ಪಿತ್ತ ಕೆರಳುತ್ತವೆ ಅಂತ ಚರಕ ಸಂಹಿತೆಯ ಸೂತ್ರಸ್ಥಾನ 21ನೇ ಅಧ್ಯಾಯದಲ್ಲಿ ಇದೆ. ಅದೇ ಅಧ್ಯಾಯದಲ್ಲಿ ಯಾರು ಎಲ್ಲ ಕಾಲದಲ್ಲೂ ಹಗಲು ಮಲಗಬಹುದು ಅನ್ನುವ ಉದ್ದನೆಯ ಪಟ್ಟಿಯೂ ಇದೆ: ಮುದುಕರು, ಮಕ್ಕಳು, ದುರ್ಬಲರು, ದಾರಿ ನಡೆದು ದಣಿದವರು, ರಾತ್ರಿ ನಿದ್ದೆಗೆಟ್ಟವರು, ದುಃಖದಲ್ಲಿರುವವರು. ನಿಮ್ಮ ಹೆಂಡತಿ ಈ ಪಟ್ಟಿಯಲ್ಲಿ ಎರಡು ಮೂರು ಕಡೆ ಬರುತ್ತಾರೆ.

ಇನ್ನೂ ಒಂದು ಇದೆ. ಅಷ್ಟಾಂಗಹೃದಯದ ಪ್ರಕಾರ ಅಭ್ಯಾಸವಿಲ್ಲದೆ ರಾತ್ರಿ ಎಷ್ಟು ಹೊತ್ತು ಎಚ್ಚರವಿದ್ದೆಯೋ ಅದರ ಅರ್ಧದಷ್ಟು ಹೊತ್ತು ಬೆಳಿಗ್ಗೆ, ಊಟಕ್ಕೆ ಮುಂಚೆ ಮಲಗಬೇಕು. ಅಂದರೆ ಮಧ್ಯಾಹ್ನಕ್ಕಿಂತ ಬೆಳಗಿನ ನಿದ್ದೆ ಒಳ್ಳೆಯದು ಅಂತ ಆಯಿತಲ್ಲ? ನ್ಯೂಕಾಸಲ್‌ನವರೂ ಮಧ್ಯಾಹ್ನದ ನಿದ್ದೆಯನ್ನೇ ದೂರಿದ್ದಾರೆ. ಎರಡೂ ಹೊಂದುತ್ತವೆ.

ಲೆಕ್ಕದ ಮೇಷ್ಟ್ರು

ತಾಯಿ, ಪಟ್ಟಿ ಹುಡುಕಿ ಕೊಟ್ಟಿದ್ದಕ್ಕೆ ಧನ್ಯವಾದ. ಆದರೆ ಕೊನೆಯ ಮಾತು ಹೊಂದುವುದಿಲ್ಲ. ಅದೇ ಪ್ರಬಂಧದಲ್ಲಿ ಬೆಳಗಿನ ನಿದ್ದೆಯೂ ಬಂದಿದೆ. ಬೆಳಿಗ್ಗೆ ಮಲಗುವವರು "ನನಗೆ ಮರೆವು, ಗಮನ ನಿಲ್ಲುವುದಿಲ್ಲ" ಅಂತ ಹೆಚ್ಚು ದೂರಿದ್ದಾರೆ. ನಮಗೆ ಬೇಕಾದ ಸಾಲನ್ನಷ್ಟೇ ಆರಿಸಿಕೊಂಡು ಹಳೆಯ ಗ್ರಂಥಕ್ಕೆ ಹೊಲಿಯಬಾರದು.

ಪಂಡಿತರ ಮೊಮ್ಮಗಳು

ಸರಿ ಸರ್, ಆ ಭಾಗ ನಾನು ಓದಿರಲಿಲ್ಲ. ಪಟ್ಟಿಯ ಮಾತನ್ನು ಮಾತ್ರ ಬಿಟ್ಟುಕೊಡುವುದಿಲ್ಲ.

ಅಂಗನವಾಡಿ ಟೀಚರ್

ನಾನು ಹಾವೇರಿ ಕಡೆಯವಳು. ಇಲ್ಲಿ ಲ್ಯಾಬ್, ವಾಚ್ ಅಂತ ಮಾತಾಡ್ತಿದ್ದೀರಿ. ನಮ್ಮ ಊರಲ್ಲಿ ಸುಸ್ತು ಅಂತ ಹೇಳುವ ಹೆಣ್ಣುಮಕ್ಕಳಿಗೆ ಕೊಡೋದು ಒಂದೇ, ಕಬ್ಬಿಣದ ಮಾತ್ರೆ. ಕೊಡಬೇಕು ನಿಜ, ರಕ್ತಹೀನತೆ ಅಷ್ಟಿದೆ. ಆದರೆ ಮಾತ್ರೆ ತಿಂದು ರಕ್ತ ಸರಿಹೋದ ಮೇಲೂ ಸುಸ್ತು ಹೋಗದವರು ಇದ್ದಾರೆ. ಅವರ ಕಥೆ ಯಾರೂ ಕೇಳಲ್ಲ.

ನಮಗೆ ಒಂದು ತರಬೇತಿಯಲ್ಲಿ ಗೋವಾದ ಸಮೀಕ್ಷೆ ಬಗ್ಗೆ ಹೇಳಿದ್ರು, 2005ರಲ್ಲಿ ಪ್ರಕಟವಾದದ್ದು. ಆರು ತಿಂಗಳಿಗಿಂತ ಹೆಚ್ಚು ಕಾಲದ ಸುಸ್ತು ಇದೆ ಅಂದವರು 12.1% ಹೆಂಗಸರು. ಹಿಮೋಗ್ಲೋಬಿನ್‌ಗೂ ಆ ಸುಸ್ತಿಗೂ ಸಂಬಂಧ ಸಿಗಲಿಲ್ಲ. ಸಾಲ, ಹಸಿವು, ಮನಸ್ಸಿನ ಸಂಕಟ, ಗಂಡನ ಹಿಂಸೆ, ಇವಕ್ಕೆ ಸಂಬಂಧ ಸಿಕ್ಕಿತು. ಅವರೆಲ್ಲರಿಗೂ ಸಿಎಫ್‌ಎಸ್ ಅಂತ ನಾನು ಹೇಳ್ತಿಲ್ಲ. ಸುಸ್ತು ಅನ್ನೋ ಒಂದೇ ಪದದಲ್ಲಿ ಎಷ್ಟೊಂದು ಕಾಯಿಲೆ ಅಡಗಿವೆ ಅಂತ ಹೇಳ್ತಿದ್ದೀನಿ. ಮಧ್ಯಾಹ್ನ ಮಲಗಬೇಕಾ ಅಂತ ಕೇಳೋ ಅವಕಾಶವೂ ನಮ್ಮ ಹೆಂಗಸರಿಗಿಲ್ಲ. ಹನ್ನೆರಡಕ್ಕೆ ಬುತ್ತಿ ಹೊತ್ತು ಹೊಲಕ್ಕೆ ಹೋಗಿರ್ತಾರೆ.

ಮಳೆಗಾಲದ ಮಲ್ಲಿಗೆ

ಟೀಚರ್, ಇದರ ಬಗ್ಗೆ ನೀವು ಬೇರೆ ಚರ್ಚೆ ಶುರು ಮಾಡಲೇಬೇಕು.

ಕೋರಮಂಗಲದ ಗೂಬೆ

ನಾನು ರಾತ್ರಿ ಪಾಳಿ, ಏಳು ವರ್ಷದಿಂದ. ಬೆಳಿಗ್ಗೆ ಒಂಬತ್ತಕ್ಕೆ ಮಲಗ್ತೀನಿ, ಮೂರಕ್ಕೆ ಏಳ್ತೀನಿ, ದಿನಕ್ಕೆ ಐದು ಲೋಟ ಫಿಲ್ಟರ್ ಕಾಫಿ. ಸದಾ ಸುಸ್ತು. ನನಗೂ ಇದೇ ಕಾಯಿಲೆ ಇರಬಹುದಾ?

ರಾತ್ರಿಪಾಳಿ ಟೆಕ್ನಿಷಿಯನ್

ನನ್ನದೂ ನಿಮ್ಮದೇ ಪಾಳಿ, ಅದಕ್ಕೇ ಹೇಳುತ್ತೇನೆ. ಹತ್ತು ದಿನ ರಜೆ ಹಾಕಿ ಊರಿಗೆ ಹೋದಾಗ ನಿದ್ದೆ ತೀರಿ ಮೈ ಹಗುರಾಗುತ್ತದಾ? ಆಗುತ್ತದೆ ಅಂದರೆ ನಿಮಗೆ ನಿದ್ದೆ ಸಾಲ ಇದೆ, ತೀರಿಸಿ. ರಜೆಯಲ್ಲೂ ಹಾಗೇ ಇದ್ದರೆ, ಸಣ್ಣ ಕೆಲಸಕ್ಕೂ ಮರುದಿನ ಕುಸಿದರೆ, ಡಾಕ್ಟರಿಗೆ ತೋರಿಸಿ. ಮತ್ತೆ ಕಾಫಿ, ಮಲಗುವ ಆರು ಗಂಟೆ ಮೊದಲು ನಿಲ್ಲಿಸಿ.

ಕೋರಮಂಗಲದ ಗೂಬೆ

ಊರಿಗೆ ಹೋದರೆ ಸರಿಹೋಗತ್ತೆ. ಥ್ಯಾಂಕ್ಸ್ ಗುರು.

ಟೈನ್ ದಡದ ಹಾಸನದವ

ಇದು ನಾನಲ್ಲ, ಅವರ ಹೆಂಡತಿ. ಮಲಗಿಕೊಂಡೇ ಟೈಪ್ ಮಾಡುತ್ತಿದ್ದೇನೆ, ಎರಡು ದಿನ ಹಿಡಿಯಿತು, ತಪ್ಪಿದ್ದರೆ ಮನ್ನಿಸಿ.

ನಾನು ಮಧ್ಯಾಹ್ನ ಮಾಡುವುದು ನಿದ್ದೆ ಅಲ್ಲ. ಪರದೆ ಎಳೆದು, ಕಿವಿ ಮುಚ್ಚಿ ಬಿದ್ದಿರುತ್ತೇನೆ. ಕುಕ್ಕರ್ ಸೀಟಿ ಕೇಳುತ್ತಿರುತ್ತದೆ. ಕೆಲವು ದಿನ ಅದು ನಿದ್ದೆಗೆ ಜಾರುತ್ತದೆ, ಜಾರಿದ ದಿನ ಎದ್ದಾಗ ತಲೆ ಇನ್ನೂ ಭಾರ. ಜಾರದೆ ಬರೀ ಬಿದ್ದುಕೊಂಡ ದಿನ ಸಂಜೆ ಮಗನ ಜೊತೆ ಅರ್ಧ ಗಂಟೆ ಕೂರಬಲ್ಲೆ. ಈ ಎರಡನ್ನೂ ಯಾರೂ ಬೇರೆ ಬೇರೆಯಾಗಿ ಕೇಳಲಿಲ್ಲ. ಅಮ್ಮನಿಗೆ ಎರಡೂ ಮಲಗುವುದೇ. ಇವರ ವಾಚಿಗೂ ಎರಡೂ ಮಲಗುವುದೇ.

ರಾತ್ರಿಯದ್ದು ಬೇರೆ. ಮೈ ಸತ್ತಿರುತ್ತದೆ, ಒಳಗೆ ಯಾವುದೋ ಮೋಟಾರ್ ಓಡುತ್ತಿರುತ್ತದೆ.

ಧಾರವಾಡದ ಅಕ್ಕನಿಗೆ ನಮಸ್ಕಾರ.

ಧಾರವಾಡದ ಅಕ್ಕ

ಆ ಮೋಟಾರ್ ನನಗ ಗೊತ್ತದವ್ವಾ. ನನಗೂ ಓಡ್ತದ. ಇದಕ್ಕ ಉತ್ತರ ಬರೀಬ್ಯಾಡ, ಮಲ್ಕೊ.

ಲೆಕ್ಕದ ಮೇಷ್ಟ್ರು

ಇಡೀ ಚರ್ಚೆಯಲ್ಲಿ ಬೆಲೆಯುಳ್ಳ ಮಾಹಿತಿ ಇದೇ. ವಿಶ್ರಾಂತಿ ಮತ್ತು ನಿದ್ದೆ ಎರಡು ಬೇರೆ ಅಂಕಣ. ಹಾಸನದವರೇ, ನ್ಯೂಕಾಸಲ್‌ನವರು ಮಾಡಿದ್ದನ್ನೇ ಮನೆಯಲ್ಲಿ ಮಾಡಿ. 14 ದಿನ, ಒಂದು ನೋಟ್‌ಬುಕ್. ಬರೆಯುವ ಕೆಲಸ ನಿಮ್ಮದು, ಅವರದ್ದಲ್ಲ, ಅವರು ಬಾಯಲ್ಲಿ ಹೇಳಲಿ. ಬಿದ್ದುಕೊಂಡಿದ್ದು ಎಷ್ಟು ಹೊತ್ತು, ನಿದ್ದೆ ಹೋಗಿದ್ದು ಎಷ್ಟು ಹೊತ್ತು, ಎಷ್ಟು ಗಂಟೆಗೆ, ಆ ದಿನ ಏನೇನು ಮಾಡಿದರು, ಮರುದಿನ ಹೇಗಿದ್ದರು, ಅದರ ಮರುದಿನ ಹೇಗಿದ್ದರು. ವಾಚ್ ಬಿಚ್ಚಿಡಿ.

ರಾತ್ರಿಪಾಳಿ ಟೆಕ್ನಿಷಿಯನ್

ನಿಂತಾಗ ತಲೆ ಸುತ್ತುತ್ತದಾ, ಎದೆ ಬಡಿತ ಏರುತ್ತದಾ ಅಂತಲೂ ಬರೆಯಿರಿ. ನಿಮ್ಮ ನ್ಯೂಕಾಸಲ್‌ನ ಜೂಲಿಯಾ ನ್ಯೂಟನ್ ತಂಡ 2008ರಲ್ಲಿ ನೋಡಿದಾಗ ಸಿಎಫ್‌ಎಸ್ ರೋಗಿಗಳಲ್ಲಿ 27% ಜನರಿಗೆ ಎದ್ದು ನಿಂತರೆ ನಾಡಿ ವಿಪರೀತ ಏರುವ ತೊಂದರೆ, ಪಾಟ್ಸ್ ಅಂತಾರೆ, ಅದು ಇತ್ತು. ಅದಕ್ಕೆ ಚಿಕಿತ್ಸೆ ಇದೆ. ಬಚ್ಚಲಲ್ಲಿ ನಿಂತು ಬಿಸಿ ನೀರು ಹಾಕಿಕೊಂಡರೆ ದಿನವೇ ಹೋಗುತ್ತದೆ ಅಂತ ನೀವು ಬರೆದಿದ್ದೀರಿ. ಸ್ಟೂಲ್ ಮೇಲೆ ಕೂತು ಸ್ನಾನ ಮಾಡಿ ನೋಡಲಿ.

ಟೈನ್ ದಡದ ಹಾಸನದವ (ನಾಲ್ಕು ವಾರದ ನಂತರ)

ಬಹಳ ಜನ ಕೇಳುತ್ತಿದ್ದೀರಿ, ತಡವಾಯಿತು. ಡೈರಿ 14 ದಿನ ಅಂದುಕೊಂಡಿದ್ದು 20 ದಿನ ಆಯಿತು.

ಮಧ್ಯಾಹ್ನದ ನಿದ್ದೆಯಲ್ಲಿ ನಾನು ಎಣಿಸಿದಷ್ಟು ವ್ಯತ್ಯಾಸ ಕಾಣಲಿಲ್ಲ. ಮೂರು ಗಂಟೆಯ ನಂತರ ನಿದ್ದೆಗೆ ಜಾರಿದ ದಿನ ರಾತ್ರಿ ಸ್ವಲ್ಪ ಕೆಟ್ಟಿದೆ, ಅಂಥವು ಐದೇ ದಿನ. ಆದರೆ ನಾನು ಎಣಿಸದೇ ಇದ್ದದ್ದು ಕಂಡಿತು. 20 ದಿನದಲ್ಲಿ ಅತ್ಯಂತ ಕೆಟ್ಟ ರಾತ್ರಿಗಳೆಲ್ಲ ಸೋಮವಾರ ಅಥವಾ ಮಂಗಳವಾರ. ನಾನು ಕೆಲಸದ ವಾರ ಶುರುವಾಗಿ ಮನೆಯಲ್ಲಿ ಗದ್ದಲ ಅಂದುಕೊಂಡೆ. ಅವಳೇ ಹೇಳಿದಳು, ಭಾನುವಾರ ಅಂತ. ಪ್ರತಿ ಭಾನುವಾರ ಹನ್ನೊಂದಕ್ಕೆ ಹಾಸನದ ವಿಡಿಯೋ ಕಾಲ್. ಅತ್ತೆ, ಮಾವ, ಭಾವ, ಮಕ್ಕಳು, ಒಂದೂವರೆ ಗಂಟೆ. ಇವಳು ದಿಂಬಿಗೆ ಒರಗಿ, ತಲೆ ಬಾಚಿಕೊಂಡು, ಚೆನ್ನಾಗಿರುವ ಹಾಗೆ ನಗುತ್ತಾ ಕೂತಿರುತ್ತಾಳೆ. ಮನೆಯಲ್ಲಿ ಅವಳಿಗೆ ವಾರದ ಅತಿ ದೊಡ್ಡ ಶ್ರಮ ಅದೇ ಆಗಿತ್ತು. ನಾನು ಅದನ್ನು ವಿಶ್ರಾಂತಿ ಅಂತ ಬರೆಯುತ್ತಿದ್ದೆ.

ಅತ್ತೆಗೆ ನಾನೇ ಫೋನ್ ಮಾಡಿ ನೋಟ್‌ಬುಕ್ ಓದಿ ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. "ನನ್ನ ಮುಖ ನೋಡೋಕೆ ಅಷ್ಟು ಕಷ್ಟ ಪಡ್ತಿತ್ತಾ ಮಗು" ಅಂದರು. ಈಗ ಬುಧವಾರ ಒಮ್ಮೆ, ಶನಿವಾರ ಒಮ್ಮೆ, ಹತ್ತು ನಿಮಿಷ, ವಿಡಿಯೋ ಇಲ್ಲ. ಅತ್ತೆಯೇ ಮಾತಾಡುತ್ತಾರೆ, ಇವಳು ಕಣ್ಣು ಮುಚ್ಚಿ ಕೇಳುತ್ತಾಳೆ. ಹೋದ ಸಲ ತೋಟದಲ್ಲಿ ಮೆಣಸು ಕೊಯ್ದಿದ್ದು ಹೇಳಿದರು.

ಸ್ಟೂಲ್ ತಂದಿದ್ದೇನೆ. ನಿದ್ದೆ ಪರೀಕ್ಷೆಗೆ ಹೆಸರು ಬರೆಸಿಯಾಯಿತು, ನಾಡಿ ಪರೀಕ್ಷೆಗೂ. ವಾಚ್ ಮಗ ಕಟ್ಟಿಕೊಂಡಿದ್ದಾನೆ.

ಧಾರವಾಡದ ಅಕ್ಕ

ಸೋಮವಾರ ಹ್ಯಾಂಗಿದ್ಲು?

ಟೈನ್ ದಡದ ಹಾಸನದವ

ನಾಲ್ಕು ಗಂಟೆ ಒಂದೇ ಸಮ ನಿದ್ದೆ ಮಾಡಿದಳಂತೆ ಅಕ್ಕಾ. ಎದ್ದು ಅವಳೇ ಹೇಳಿದ್ದು. ಮಂಗಳವಾರ ಮತ್ತೆ ಹಳೆಯ ಹಾಗೇ.